ದೋಜುವಾ ಬಾಗಿಲಲ್ಲಿಟ್ಟ ಅಂಬಲಿ

ನಮ್ಮ ಜನರಲ್ಲಿ ಗಂಡಸರೆಲ್ಲ ಮನೆಯಳಿಯಂದಿರೇ. ಮನೆ ಹೆಂಗಸಿನದು, ಹೊಲ ಹೆಂಗಸಿನದು, ಹುಟ್ಟಿದ ಮಕ್ಕಳು ಹೆಂಗಸಿನ ಕುಲದವು. ಗಂಡಸಿಗೆ ತನ್ನದು ಅಂತ ಇರುವುದು ಒಂದು ಬಂದೂಕು, ಒಂದು ಕಂಬಳಿ, ಮತ್ತೆ ಅತ್ತೆಯ ಬೈಗುಳ. ನನ್ನ ಪಾಲಿಗೆ ಬಂದ ಅತ್ತೆಯ ಹೆಸರು ದೋಜುವಾ. ಆಗ ನಾವಿದ್ದದ್ದು ಬಿಳಿಯರು ಬರುವ ಎಷ್ಟೋ ಮೊದಲಿಂದ ನಮ್ಮವರು ಬಾಳಿದ ಜಾರ್ಜಿಯಾದ ಬೆಟ್ಟಗಳಲ್ಲಿ; ಅವಳ ಬೈಗುಳ ಅಲ್ಲಿನ ಕೂಸವಾಟಿ ಹೊಳೆಯ ಆಚೆ ದಡಕ್ಕೂ ಕೇಳಿಸುತ್ತಿತ್ತು. ಆಗ ಕಿವಿಗೆ ಹತ್ತಿ ತುರುಕಿಕೊಳ್ಳೋಣ ಅನ್ನಿಸುತ್ತಿತ್ತು. ಈಗ ಈ ಮುದಿ ವಯಸ್ಸಿನಲ್ಲಿ ಅದನ್ನು ಇನ್ನೊಮ್ಮೆ ಕೇಳಲು ಏನು ಬೇಕಾದರೂ ಕೊಟ್ಟೇನು.

ದೋಜುವಾ ಎಂದರೆ ಕೆಂಪು ಹಕ್ಕಿ. ಹೆತ್ತವರು ಏನು ಕಂಡು ಆ ಹೆಸರಿಟ್ಟರೋ ಕಾಣೆ, ಹಕ್ಕಿಯ ಹಗುರ ಅವಳಲ್ಲಿ ಎಳ್ಳಷ್ಟೂ ಇರಲಿಲ್ಲ. ಗಿಡ್ಡ ಆಳು, ಅಗಲವಾದ ಪಾದ, ಒನಕೆ ಹಿಡಿದು ಹಿಡಿದು ಗಟ್ಟಿಯಾದ ತೋಳು. ಗಂಡ ತೀರಿಕೊಂಡ ಮೇಲೆ ಮೆಕ್ಕೆಜೋಳದ ಹೊಲ, ಪೀಚ್ ತೋಪು, ಹಂದಿ, ಕೋಳಿ, ಒಬ್ಬಳೇ ಮಗಳು ತಯಾನಿ, ಎಲ್ಲವನ್ನೂ ತಾನೇ ನೋಡಿಕೊಂಡವಳು. ನಾನು ತಯಾನಿಯನ್ನು ಮದುವೆಯಾದ ದಿನ ನಮ್ಮ ಪದ್ಧತಿಯಂತೆ ಅವಳ ಕೈಗೆ ಜಿಂಕೆಯ ತೊಡೆ ಕೊಟ್ಟೆ, ಅವಳು ನನ್ನ ಕೈಗೆ ಜೋಳದ ತೆನೆ ಕೊಟ್ಟಳು. ಅತ್ತೆ ಆ ತೊಡೆಯನ್ನು ಎತ್ತಿ, ತಿರುಗಿಸಿ ನೋಡಿ, "ಇದು ಜಿಂಕೇದೋ ಮೊಲದ್ದೋ?" ಅಂದಳು. ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಹೆಸರು ಸಲೋಲಿ, ಅಂದರೆ ಅಳಿಲು. ಅದೂ ಅವಳಿಗೆ ಅನುಕೂಲವಾಯಿತು.

"ಅಳಿಲಾದ್ರೂ ಚಳಿಗಾಲಕ್ಕೆ ಅಂತ ಒಂದು ಕಾಯಿ ಎತ್ತಿಡತ್ತೆ. ಇವನು ಎತ್ತಿಟ್ಟಿರೋದು ಮಾತು ಮಾತ್ರ" ಎನ್ನುತ್ತಿದ್ದಳು.

ಮಾಗಿಯಿರಲಿ, ಬೇಸಿಗೆಯಿರಲಿ, ಬೆಳಗಾಗುತ್ತಲೇ ಹೊಳೆಗಿಳಿದು ಮೂಡಲಿಗೆ ಮುಖ ಮಾಡಿ ಮುಳುಗು ಹಾಕುತ್ತಿದ್ದಳು. ನಮ್ಮ ಜನರೆಲ್ಲ ಹಾಕುವುದೇ. ಆದರೆ ಹೊಳೆಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿದ ದಿನ ನಾನು ಕಂಬಳಿಯೊಳಗೆ ನಿದ್ದೆಯ ನಟನೆ ಮಾಡುತ್ತಿದ್ದೆ. ಅವಳು ಬಂದು ತನ್ನ ಒದ್ದೆ ಕೂದಲನ್ನು ನನ್ನ ಮುಖದ ಮೇಲೆ ಹಿಂಡುತ್ತಿದ್ದಳು.

"ಏಳಪ್ಪಾ ಅಳಿಯ. ಹೊಳೆ ನಿನ್ನ ದಾರಿ ಕಾಯ್ತಾ ಇದೆ."

"ಹೊಳೆ ಎಲ್ಲೂ ಓಡಿಹೋಗಲ್ಲ ಅತ್ತೆ. ಸ್ವಲ್ಪ ಬಿಸಿಲು ಬರ್ಲಿ."

"ಇನ್ನೊಂದು ಸಲ ಹಂಗಂದ್ರೆ ನಿನ್ನ ಕಂಬಳಿ, ಬಂದೂಕು ಎರಡೂ ಬಾಗಿಲ ಹೊರಗಿರ್ತವೆ ನೋಡು."

ಗಂಡನ ಸಾಮಾನನ್ನು ಬಾಗಿಲ ಹೊರಗಿಟ್ಟರೆ ನಮ್ಮಲ್ಲಿ ಮದುವೆ ಮುಗಿದಂತೆ. ಅದಕ್ಕೆ ಪಂಚಾಯಿತಿ ಬೇಡ, ಸಾಕ್ಷಿ ಬೇಡ. ನಾನು ಎದ್ದು ಹೊಳೆಗೆ ಓಡುತ್ತಿದ್ದೆ. ಹಿಂದಿನಿಂದ ತಯಾನಿಯ ನಗು ಕೇಳುತ್ತಿತ್ತು.

ಈ ದೋಜುವಾಳ ಮನೆಯ ಬಾಗಿಲಲ್ಲಿ, ಒಳಗೆ ಕಾಲಿಟ್ಟರೆ ಎಡಗೈಗೆ ಸಿಗುವ ಹಾಗೆ, ಒಂದು ದೊಡ್ಡ ಮಣ್ಣಿನ ಮಡಕೆ ಇತ್ತು. ಅದರಲ್ಲಿ ಯಾವಾಗಲೂ ಜೋಳದ ಅಂಬಲಿ. ಜೋಳವನ್ನು ಬೂದಿನೀರಲ್ಲಿ ಬೇಯಿಸಿ, ಸಿಪ್ಪೆ ತೊಳೆದು, ಮರದ ಒರಳಲ್ಲಿ ಕುಟ್ಟಿ, ಗಂಜಿ ಕಾಯಿಸಿ, ಹುಳಿ ಬರುವ ತನಕ ಬಿಡಬೇಕು. ಹಳೆಯದು ತಳ ಮುಟ್ಟುವ ಮೊದಲೇ ಹೊಸದನ್ನು ಸುರಿಯುತ್ತಿದ್ದಳು. ಹಾಗಾಗಿ ಅವಳ ಅಜ್ಜಿ ಮಾಡಿದ ಅಂಬಲಿಯ ಹುಳಿಯೂ ಅದರಲ್ಲಿ ಒಂದಿಷ್ಟು ಇದೆ ಎನ್ನುವುದು ಅವಳ ಜಂಬ. ಮಡಕೆಯಲ್ಲಿ ಒಂದು ಸೌಟು. ಕಾಡುಕೋಣದ ಕೊಂಬಿನಿಂದ ಮಾಡಿದ್ದು, ಅದೂ ಅಜ್ಜಿಯ ಕಾಲದ್ದು. ಆ ಕೋಣಗಳು ನಮ್ಮ ಬೆಟ್ಟದಿಂದ ಎಂದೋ ಮಾಯವಾಗಿದ್ದವು. ಸೌಟಿನ ಅಂಚು ಎಷ್ಟೋ ಜನರ ತುಟಿ ತಾಗಿ ತೆಳ್ಳಗಾಗಿತ್ತು.

ಮನೆಗೆ ಬಂದವರನ್ನು 'ಹಸಿವಾಗಿದೆಯಾ' ಎಂದು ಕೇಳುವುದು ನಮ್ಮಲ್ಲಿ ಅವಮಾನ. ಯಾರೇ ಬರಲಿ, ಮಾತಿಗೆ ಮೊದಲು ಸೌಟು ಎತ್ತಿ ಕುಡಿಯಬೇಕು. ಪರಿಚಯ, ಕೆಲಸ, ಜಗಳ, ಎಲ್ಲ ಆಮೇಲೆ. ಜಗಳವಾಡಲು ಬಂದವನೂ ಮೊದಲು ಕುಡಿಯುತ್ತಿದ್ದ. ಕುಡಿದ ಮೇಲೆ ಅರ್ಧ ಜಗಳ ತಾನೇ ಇಳಿದುಹೋಗುತ್ತಿತ್ತು. "ನನ್ನ ಮಡಕೆಗೆ ಬಾಯಿ ಹಚ್ಚಿದವನು ನನ್ನ ಬಾಗಿಲಿಗೆ ಕೈ ಹಚ್ಚಲ್ಲ" ಎಂದು ದೋಜುವಾ ಹೇಳುತ್ತಿದ್ದಳು. ಅವಳು ಕಂಡ ಲೋಕದಲ್ಲಿ ಅದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಅವಳ ಜೀವನದ ದೊಡ್ಡ ತಪ್ಪು ಅಂತ ಒಂದಿದ್ದರೆ, ಆ ನಂಬಿಕೆಯನ್ನು ನಮ್ಮವರಲ್ಲದವರಿಗೂ ಹಚ್ಚಿದ್ದು.

ಪ್ರೂಯಿಟ್ ಎನ್ನುವ ಬಿಳಿಯ ಬಂದದ್ದು ಒಂದು ಶರತ್ಕಾಲದಲ್ಲಿ. ಉದ್ದ ಕತ್ತು, ಕಂದು ಗಡ್ಡ, ಮೆಲು ಮಾತಿನವ. ಜೊತೆಗೆ ಕಬ್ಬಿಣದ ಸರಪಳಿ ಹಿಡಿದ ಇಬ್ಬರು ಆಳುಗಳು. ನಮ್ಮ ಹೊಲದ ಮೇಲೆ, ಕುಂಬಳಬಳ್ಳಿಯ ಮೇಲೆ, ಪೀಚ್ ಮರಗಳ ನಡುವೆ ಅವರು ಸರಪಳಿ ಎಳೆದಾಡಿ ಅಳೆದರು. ಅಂಗಡಿಗೆ ತೊಗಲು ಮಾರಲು ಹೋಗಿ ಬಂದು ನನಗೆ ಅವರ ಭಾಷೆ ಅಷ್ಟಿಷ್ಟು ಬರುತ್ತಿತ್ತು. ಏನಪ್ಪಾ ಇದು ಎಂದು ಕೇಳಿದೆ. ಜಾರ್ಜಿಯಾ ಸರ್ಕಾರ ನಮ್ಮ ನೆಲವನ್ನೆಲ್ಲ ಚೌಕ ಚೌಕ ಮಾಡಿ, ಚೀಟಿ ಬರೆದು, ಪೀಪಾಯಿಗೆ ಹಾಕಿ ತಿರುಗಿಸಿತಂತೆ. ಅವನ ಹೆಸರಿಗೆ ಈ ಚೌಕ ಬಂತಂತೆ. ನಾನು ಬಂದು ಅತ್ತೆಗೆ ಹೇಳಿದೆ. ಅವಳು ಒನಕೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಚೀಟಿ ಎತ್ತಿ ನನ್ನ ಮನೆ ಗೆದ್ದನಾ?"

"ಹಂಗಂತಾನೆ ಅತ್ತೆ."

"ಹಂಗಾದ್ರೆ ನಾನೂ ಒಂದು ಚೀಟಿ ಎತ್ತತೀನಿ. ಅವನ ಹೆಂಡ್ತಿ ನನಗೆ ಬಂದ್ರೆ ಜೋಳ ಕುಟ್ಟಕ್ಕೆ ಇಟ್ಕೊತೀನಿ."

ತಯಾನಿ ನಕ್ಕಳು, ನಾನೂ ನಕ್ಕೆ. ಬೇರೆ ಏನು ಮಾಡಬೇಕಿತ್ತು? ನಮ್ಮಲ್ಲಿ ನೆಲ ಯಾರೊಬ್ಬರದೂ ಅಲ್ಲ. ಉತ್ತವರಿಗೆ ಬೆಳೆ, ಕಟ್ಟಿದವರಿಗೆ ಮನೆ. ಉತ್ತು ಬೆಳೆಯುತ್ತಿರುವ ಹೆಂಗಸನ್ನು ಹೊಲದಿಂದ ಎಬ್ಬಿಸುವುದು ಹೊಳೆಯನ್ನು ಗಂಟು ಕಟ್ಟಿ ಒಯ್ದ ಹಾಗೆ, ಆಗದ ಮಾತು. ದೋಜುವಾ ಗಂಭೀರವಾಗಿ ಯೋಚಿಸಿದ್ದು ಒಂದೇ ವಿಷಯ, ಅಳೆದು ಅಳೆದು ಆ ಮೂವರಿಗೂ ಬಾಯಾರಿದೆ ಎನ್ನುವುದು. ಬಾಗಿಲಿಗೆ ಕರೆದು ಸೌಟು ಕೊಟ್ಟಳು. ಪ್ರೂಯಿಟ್ ಮೊದಲು ಮೂಸಿ ನೋಡಿದ. ಹುಳಿಗೆ ಮುಖ ಕಿವುಚಿದ. ಆಮೇಲೆ ಪೂರ್ತಿ ಕುಡಿದ. ಇನ್ನೊಂದು ಸೌಟು ಕುಡಿದ. ಗಡ್ಡ ಒರೆಸಿಕೊಂಡು, ಚೆನ್ನಾಗಿದೆ ಅಂದ.

"ಏನಂದ?" ಎಂದು ಅತ್ತೆ ಕೇಳಿದಳು.

"ಚೆನ್ನಾಗಿದೆ ಅಂದ."

"ಮತ್ತೆ! ನಾಲಿಗೆ ಇದೆ ಪಾಪ, ತಲೆ ಮಾತ್ರ ಸರಿಯಿಲ್ಲ."

ಅಲ್ಲಿಂದ ಅವನು ಆಗಾಗ ಬರತೊಡಗಿದ. ಬಂದಾಗಲೆಲ್ಲ ಅಂಬಲಿ, ಕಾಳು ಹಾಕಿದ ಜೋಳದ ಕಡುಬು, ಕಾಲ ಬಂದರೆ ಪೀಚ್ ಹಣ್ಣು. ಒಂದು ಸಲ ಹೊಳೆಯ ಆಚೆ ಖಾಲಿ ಜಾಗದಲ್ಲಿ ಒಂದು ಗುಡಿಸಲು ಹಾಕಿಕೊಳ್ಳಲೇ ಎಂದು ಕೇಳಿದ. "ಖಾಲಿ ಇರೋ ಜಾಗಕ್ಕೆ ನನ್ನನ್ನೇನು ಕೇಳೋದು, ಹಾಕ್ಕೊಳ್ಳಿ" ಎಂದಳು ದೋಜುವಾ. ನನ್ನನ್ನೇ ಕಳಿಸಿ ಗೋಡೆಯ ದಿಮ್ಮಿ ಎತ್ತಿಸಿದಳು. ನನಗೆ ಒಳಗೊಳಗೇ ಇರಿಸುಮುರುಸು. ಬೇರೆ ಊರುಗಳಲ್ಲಿ ಬಿಳಿಯರು ನಮ್ಮವರ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಸುದ್ದಿ ಬರುತ್ತಿತ್ತು. ನಮ್ಮಲ್ಲೇ ಕೆಲವರು, ಇಡೀ ಜನರನ್ನು ಒಂದು ಮಾತೂ ಕೇಳದೆ, ನೆಲ ಬಿಟ್ಟುಕೊಡುತ್ತೇವೆಂದು ಒಪ್ಪಂದಕ್ಕೆ ರುಜು ಹಾಕಿದ್ದರು. ಒಪ್ಪುವುದಿಲ್ಲ ಎಂದು ಹಿರಿಯರು ವಾಷಿಂಗ್ಟನ್‌ಗೆ ಹೋಗಿ ಹೋಗಿ ಬರುತ್ತಿದ್ದರು. ನಮ್ಮ ಬಂದೂಕುಗಳನ್ನು ಸಿಪಾಯಿಗಳು ಬಂದು ಕಿತ್ತುಕೊಂಡಿದ್ದರು. ನಾನು ಒಂದು ದಿನ ಬಾಯಿ ಬಿಟ್ಟೇಬಿಟ್ಟೆ.

"ಅತ್ತೆ, ಅವನು ಅಲ್ಲಿ ಕೂತು ನಮ್ಮ ಮನೆ ಕಾಯ್ತಾ ಇದಾನೆ. ಹದ್ದು ಕೋಳಿಮರಿ ಕಾಯೋ ಹಂಗೆ."

"ನೀನು ಮನೆಯಳಿಯ ಆಗಿ ಬಂದು ನನ್ನ ಅಂಬಲಿ ಕುಡೀತಿಲ್ವಾ? ನೀನು ನನ್ನ ಮನೆ ಹೊಡ್ಕೊಂಡ್ಯಾ?"

"ನಾನು ಬೇರೆ, ಅವನು ಬೇರೆ."

"ಹೊಟ್ಟೆ ಒಂದೇ ಕಣೋ. ಉಂಡ ಹೊಟ್ಟೆಗೆ ನೆನಪಿರತ್ತೆ."

ಅವಳ ದೊಡ್ಡ ಮನಸ್ಸಿನ ಮೇಲೆ ನನಗೆ ಆಗಲೂ ಕೋಪ ಬಂದಿತ್ತು, ಈಗಲೂ ಬರುತ್ತದೆ.

ಆ ವೇಳೆಗೆ ನಮಗೊಂದು ಮಗಳು ಹುಟ್ಟಿದ್ದಳು, ಐನಿ. ಮೊದಲ ಹೆಜ್ಜೆ ಇಟ್ಟದ್ದೇ ಆ ಮಡಕೆಯ ಅಂಚು ಹಿಡಿದು. ಪ್ರೂಯಿಟ್ ಬಂದರೆ ಐನಿಯೇ ತೂರಾಡುತ್ತ ಹೋಗಿ ಎರಡೂ ಕೈಯಲ್ಲಿ ಸೌಟು ಎತ್ತಿ ಅವನಿಗೆ ಕೊಡುತ್ತಿದ್ದಳು. ಅರ್ಧ ಅಂಬಲಿ ಅವನ ಬೂಟಿನ ಮೇಲೆ ಚೆಲ್ಲುತ್ತಿತ್ತು. ಅವನು ನಗುತ್ತಿದ್ದ. ಆ ನಗು ನಟನೆಯದಲ್ಲ ಎಂದು ಇಂದಿಗೂ ನನ್ನ ನಂಬಿಕೆ. ಅದೇ ನನಗೆ ಬಗೆಹರಿಯದ ಸಂಗತಿ. ಅವನು ರಾಕ್ಷಸನಾಗಿದ್ದರೆ ಎಷ್ಟೋ ಸುಲಭವಾಗಿತ್ತು.

ಸಿಪಾಯಿಗಳು ಬಂದದ್ದು ಬೇಸಿಗೆಯ ಮೊದಲಲ್ಲಿ, ಜೋಳ ಮೊಣಕಾಲೆತ್ತರ ಬಂದಿದ್ದಾಗ. ನಡುಮಧ್ಯಾಹ್ನ. ನಾನು ಕಳೆ ಕೀಳುತ್ತಿದ್ದೆ, ತಯಾನಿ ಐನಿಗೆ ತಲೆ ಬಾಚುತ್ತಿದ್ದಳು, ದೋಜುವಾ ಅಂಗಳದಲ್ಲಿ ಒನಕೆ ಹಿಡಿದಿದ್ದಳು. ಕೋವಿಯ ತುದಿಗೆ ಕತ್ತಿ ಸಿಕ್ಕಿಸಿಕೊಂಡ ಸಿಪಾಯಿಗಳು ಪೀಚ್ ತೋಪಿನ ಮೂರೂ ಕಡೆಯಿಂದ ಬಂದರು. ಹೊಲದಿಂದ ನನ್ನನ್ನು ಬೆನ್ನಿಗೆ ಕತ್ತಿ ಚುಚ್ಚಿಕೊಂಡೇ ಅಂಗಳಕ್ಕೆ ತಂದರು. ನಾನು ಬರುವಷ್ಟರಲ್ಲಿ ಕಂಡದ್ದು ಇದು. ದೋಜುವಾ ಒನಕೆ ಕೆಳಗಿಟ್ಟು, ಲಂಗಕ್ಕೆ ಕೈ ಒರೆಸಿ, ಬಾಗಿಲಿಗೆ ಹೋಗಿ, ಸೌಟು ತುಂಬಿ, ಎಲ್ಲರಿಗಿಂತ ಮುಂದೆ ನಿಂತಿದ್ದ ಸಿಪಾಯಿಗೆ ಚಾಚಿದಳು. ಮನೆಗೆ ಜನ ಬಂದಿದ್ದಾರೆ, ಬಿಸಿಲಲ್ಲಿ ನಡೆದು ಬಂದಿದ್ದಾರೆ. ಅವಳಿಗೆ ಹೊಳೆದದ್ದು ಅಷ್ಟೇ.

ಆ ಸಿಪಾಯಿಗೆ ಮೀಸೆ ಆಗಷ್ಟೇ ಮೂಡಿತ್ತು. ಅವನು ಸೌಟು ತೆಗೆದುಕೊಂಡು ಕುಡಿದೂ ಬಿಟ್ಟ. ಹಿಂದಿನಿಂದ ಅವರ ಮೇಲಿನವನು ಗದರಿದ. ಸೌಟು ಕೈಜಾರಿ ಬಿತ್ತು. ಆಮೇಲೆ ಎಲ್ಲ ಒಟ್ಟಿಗೆ ನಡೆಯಿತು. ಒಳಗಿನ ಬುಟ್ಟಿ, ಚಾಪೆ, ಕಂಬಳಿಗಳನ್ನು ಬಾಗಿಲ ಹೊರಗೆ ಎಸೆದರು. ಜೀವನವಿಡೀ ನನ್ನ ಸಾಮಾನು ಹೊರಗಿಡುತ್ತೇನೆಂದು ಹೆದರಿಸಿದವಳ ಸಾಮಾನೇ ಹೊರಗೆ ಬಿದ್ದಿತ್ತು. ತಯಾನಿ ಮಗುವನ್ನು ಎದೆಗವಚಿಕೊಂಡು ಕೂಗುತ್ತಿದ್ದಳು. ಸೊಂಟಕ್ಕೆ ಎಷ್ಟು ಕಟ್ಟಿಕೊಳ್ಳಬಹುದೋ ಅಷ್ಟು ತೆಗೆದುಕೊಂಡು ನಡೆಯಿರಿ ಎಂದರು.

ಆಗ ದೋಜುವಾ ಪ್ರೂಯಿಟ್‌ನನ್ನು ಕಂಡಳು. ಅವನು ಪೀಚ್ ಮರದ ಕೆಳಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಹಿಂದೆ ಗಾಡಿ, ಗಾಡಿಯ ಮೇಲೆ ಹೆಂಡತಿ, ಮಂಚ, ಕುರ್ಚಿ. ಅತ್ತೆಯ ಮುಖದಲ್ಲಿ ಒಂದು ಬೆಳಕು ಬಂತು. ಅದನ್ನು ನಾನು ಸಾಯುವ ತನಕ ಮರೆಯಲಾರೆ.

"ಇವನಿದಾನಲ್ಲ! ಏ ಸಲೋಲಿ, ಕೇಳು ಅವನನ್ನ. ಇವರಿಗೆ ಸ್ವಲ್ಪ ಹೇಳಪ್ಪಾ ಅನ್ನು. ನಮ್ಮ ಮನೇಲಿ ಉಂಡವನು ಇವನು, ಇವನಿಗೆ ಗೊತ್ತು ನಾವು ಯಾರು ಅಂತ."

ನಾನು ಅವನ ಭಾಷೆಯಲ್ಲಿ ಹೇಳಿದೆ. ಬೇಡಿಕೊಂಡೆ ಎಂದರೂ ತಪ್ಪಿಲ್ಲ. ಪ್ರೂಯಿಟ್ ನನ್ನನ್ನು ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಟೋಪಿಯನ್ನು ತಿರುಗಿಸುತ್ತ ನಿಂತ. ಆಮೇಲೆ ಸಿಪಾಯಿಗಳ ಮೇಲಿನವನಿಗೆ ಮೆಲ್ಲಗೆ ಏನೋ ಹೇಳಿದ.

"ಏನಂದ? ಏನಂದ?" ಎಂದು ಅತ್ತೆ ನನ್ನ ತೋಳು ಜಗ್ಗಿದಳು.

ಅವನು ಅಂದದ್ದು ಇಷ್ಟೇ. ಆ ಬಾಗಿಲಲ್ಲಿರುವ ಮಡಕೆಯನ್ನು ಇವರು ಒಯ್ಯುವುದು ಬೇಡ, ಅದು ಮನೆಗೆ ಸೇರಿದ್ದು.

ಅದನ್ನು ನಾನು ಅವಳಿಗೆ ಹೇಳಿದೆ. ಅವಳು ನೆಲದ ಮೇಲೆ ಬಿದ್ದಿದ್ದ ಸಾಮಾನಿನ ಮೇಲೆ ಬಾಗಿ ಒಂದು ಶಾಲು ಎತ್ತಿ ಹೊದ್ದುಕೊಂಡಳು. ನಡೆದಳು. ತಿರುವಿನ ತನಕ ತಿರುಗಿ ನೋಡಿದವಳು ತಯಾನಿ ಮಾತ್ರ.

ನಮ್ಮನ್ನು ಕೂಡಿದ್ದು ಮರದ ದಿಮ್ಮಿಗಳ ಒಂದು ದೊಡ್ಡಿಯಲ್ಲಿ. ದೊಡ್ಡಿ ಎನ್ನದೆ ಬೇರೆ ಏನೆನ್ನಲಿ? ಮೇಲೆ ಸೂರಿಲ್ಲ, ನೆರಳಿಲ್ಲ. ಕಾಲಿಡಲು ಜಾಗವಿಲ್ಲದಷ್ಟು ಜನ. ಕುಡಿಯಲು ಕದಡಿದ ನೀರು, ತಿನ್ನಲು ವಾಸನೆ ಹಿಡಿದ ಹಂದಿಮಾಂಸ, ಮತ್ತೆ ಬಿಳಿ ಹಿಟ್ಟು. ಆ ಹಿಟ್ಟನ್ನು ಏನು ಮಾಡಬೇಕೆಂದೇ ನಮ್ಮ ಹೆಂಗಸರಿಗೆ ತಿಳಿಯದು. ನೀರಲ್ಲಿ ಕಲಸಿ ಹಾಗೇ ತಿಂದ ಮಕ್ಕಳಿಗೆ ಹೊಟ್ಟೆ ಕೆಟ್ಟಿತು, ರಕ್ತ ಬೀಳಲು ಶುರುವಾಯಿತು. ಬೆಳಗಿನ ಮುಳುಗಿಗೆ ಹೊಳೆಗೆ ಬಿಡುತ್ತಿರಲಿಲ್ಲ. ದೋಜುವಾ ದಿಮ್ಮಿಯ ಸಂದಿನಲ್ಲಿ ಮೂಡಲು ನೋಡುತ್ತ ಕೂರುತ್ತಿದ್ದಳು.

ಐನಿ ಹೋದದ್ದು ಅಲ್ಲೇ. ಕೊನೆಕೊನೆಗೆ ಅವಳು ಕೇಳುತ್ತಿದ್ದದ್ದು ಅಂಬಲಿ. "ಅಜ್ಜಿ, ಅಂಬಲಿ" ಎನ್ನುತ್ತಿದ್ದಳು. ಬಾಗಿಲಲ್ಲಿ ಸದಾ ಮಡಕೆಯಿಟ್ಟು ದಾರಿಹೋಕರಿಗೆಲ್ಲ ಕುಡಿಸಿದವಳ ಮೊಮ್ಮಗಳಿಗೆ ಒಂದು ಸೌಟು ಅಂಬಲಿ ಸಿಗಲಿಲ್ಲ. ದೊಡ್ಡಿಯ ಹೊರಗೆ ಹೂಳಲು ನನ್ನೊಬ್ಬನನ್ನೇ ಬಿಟ್ಟರು. ತಯಾನಿ ಅತ್ತಳು. ದೋಜುವಾ ಅಳಲಿಲ್ಲ, ಬೈಯಲೂ ಇಲ್ಲ. ಅವಳು ಬೈಯದೆ ಇದ್ದದ್ದೇ ನಮಗೆ ಹೆದರಿಕೆಯಾಯಿತು. ಕೊಟ್ಟದ್ದನ್ನು ತಿನ್ನಲೊಲ್ಲಳು. ಗೋಡೆಗೆ ಒರಗಿ ಶಾಲು ಬಿಗಿಯಾಗಿ ಹೊದ್ದು ಸುಮ್ಮನೆ ಕೂತುಬಿಟ್ಟಳು.

"ಏನಾದ್ರೂ ಮಾಡು. ಅಮ್ಮನೂ ಹೋಗಿಬಿಡ್ತಾಳೆ" ಎಂದಳು ತಯಾನಿ.

ಬಿಟ್ಟು ಬಂದ ಬಟ್ಟೆಬರೆ ತರಲು ಕೆಲವರನ್ನು ಕಾವಲಿನ ಜೊತೆ ಊರಿಗೆ ಕಳಿಸುತ್ತಿದ್ದರು. ನಾನೂ ಕೇಳಿಕೊಂಡು ಹೋದೆ. ಪೀಚ್ ಹಣ್ಣಾಗುವ ಕಾಲ. ಕೊಂಬೆಗಳು ಭಾರಕ್ಕೆ ಬಾಗಿದ್ದವು. ನನ್ನ ಜೋಳ ನನ್ನೆತ್ತರ ಬೆಳೆದಿತ್ತು. ಕಳೆ ಕಿತ್ತು ಚೊಕ್ಕ ಇಟ್ಟಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ. ಬಾಗಿಲು ಮುಚ್ಚಿತ್ತು. ನಮ್ಮ ಮನೆಯ ಬಾಗಿಲು ಹಗಲಲ್ಲಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಡಕೆ ಅಂಗಳದ ಮೂಲೆಯಲ್ಲಿತ್ತು. ಅದರಲ್ಲಿ ಹಂದಿಗೆ ಹಾಕುವ ಕಲಗಚ್ಚು, ಮೇಲೆ ನೊಣ. ಬಾಗಿಲು ತಟ್ಟಿದೆ. ಪ್ರೂಯಿಟ್‌ನ ಹೆಂಡತಿ ಬಾಗಿಲು ಓರೆ ಮಾಡಿದಳು. ಬಿಸಿಲಿಗೆ ನಾಲಿಗೆ ಒಣಗಿತ್ತು, ಸ್ವಲ್ಪ ನೀರು ಎಂದೆ. ಅವಳು ಹೊಳೆಯ ಕಡೆ ಬೆರಳು ತೋರಿಸಿ ಬಾಗಿಲು ಹಾಕಿಕೊಂಡಳು. ಸಾಮಾನಿನಲ್ಲಿ ಏನೂ ಉಳಿದಿರಲಿಲ್ಲ.

ದೊಡ್ಡಿಗೆ ಹಿಂದಿರುಗಿದಾಗ ಅತ್ತೆ ಮೊದಲ ಸಲ ತಲೆಯೆತ್ತಿದಳು.

"ನೋಡಿದ್ಯಾ?"

"ನೋಡಿದೆ ಅತ್ತೆ."

"ಮಡಕೆ?"

ಅವಳ ಕಣ್ಣು ನೋಡಿ ನನ್ನ ಬಾಯಿಗೆ ಅದೇ ಬಂತು. "ಬಾಗಿಲಲ್ಲೇ ಇದೆ. ತುಂಬ ಅಂಬಲಿ ಇದೆ. ಅವನ ಹೆಂಡ್ತಿ ಕಾಯಿಸ್ತಾಳೆ. ನಾನೂ ಕುಡಿದು ಬಂದೆ."

ಸುತ್ತ ಕೂತಿದ್ದವರೆಲ್ಲ ಕಿವಿ ನಿಮಿರಿಸಿದರು. ಅತ್ತೆ ಬಹಳ ಹೊತ್ತು ನನ್ನ ಮುಖ ನೋಡಿದಳು.

"ಹುಳಿ ಬಂದಿತ್ತಾ?"

"ಸ್ವಲ್ಪ ಕಮ್ಮಿ."

"ಬೂದಿನೀರಿನ ಹದ ಗೊತ್ತಿರಲ್ಲ ಅವಳಿಗೆ. ಸೋಮಾರಿ ಇರಬೇಕು, ಸರಿಯಾಗಿ ಕುಟ್ಟಿರಲ್ಲ" ಎಂದಳು. ಅವತ್ತು ಒಂದು ಚೂರು ರೊಟ್ಟಿ ತಿಂದಳು. ಮರುದಿನ ನನ್ನನ್ನು ಬೈದಳು. ತಯಾನಿ ನನ್ನ ಕೈ ಹಿಡಿದು ಒತ್ತಿದಳು. ಆ ಬೇಸಿಗೆಯೆಲ್ಲ ದೊಡ್ಡಿಯ ಹೆಂಗಸರು ಆ ಅಂಬಲಿಯ ಮಾತು ತೆಗೆಯುವರು, ದೋಜುವಾ ಪ್ರೂಯಿಟ್‌ನ ಹೆಂಡತಿಯ ಅಡುಗೆಯನ್ನು ಹೀಯಾಳಿಸುವಳು, ಎಲ್ಲರೂ ನಗುವರು. ನಮಗೆ ನಗಲು ಇದ್ದದ್ದು ಅದೊಂದೇ.

ಎಲೆ ಉದುರುವ ಕಾಲಕ್ಕೆ ನಮ್ಮನ್ನು ಪಡುವಲಿಗೆ ಅಟ್ಟಿದರು. ಗಾಡಿಗಳಿದ್ದದ್ದು ಕಾಯಿಲೆಯವರಿಗೆ, ಉಳಿದವರಿಗೆ ಕಾಲು. ಮಳೆ, ಆಮೇಲೆ ಕೆಸರು, ಆಮೇಲೆ ಹಿಮ. ಒಂದೊಂದು ತಂಗುದಾಣದಲ್ಲೂ ಹೂಳುವುದು, ಏಳುವುದು, ನಡೆಯುವುದು. ದಾರಿಯ ಊರಿನ ಜನ ಬೇಲಿಯಾಚೆ ನಿಂತು ನೋಡುತ್ತಿದ್ದರು. ಕೆಲವರು ಅಳುತ್ತಿದ್ದರು. ಬಾಗಿಲು ತೆರೆದವರು ಕಡಿಮೆ. ಮಿಸಿಸಿಪಿಯ ದಡಕ್ಕೆ ಬಂದಾಗ ಹೊಳೆಯ ತುಂಬ ಮಂಜುಗಡ್ಡೆಯ ಹಾಸುಗಳು ತೇಲುತ್ತಿದ್ದವು. ದೋಣಿ ದಾಟುವಂತಿಲ್ಲ. ಆ ಚಳಿಯಲ್ಲಿ ಬಯಲಲ್ಲೇ ವಾರಗಟ್ಟಲೆ ಕಾದೆವು. ದೋಜುವಾ ತನ್ನ ಕಂಬಳಿಯನ್ನು ಒಬ್ಬ ಬಾಣಂತಿಗೆ ಕೊಟ್ಟುಬಿಟ್ಟಿದ್ದಳು. ನಾನು ಬೈದೆ. ಅವಳನ್ನು ನಾನು ಬೈದದ್ದು ಅದೊಂದು ಸಲ. ಎದೆಯಲ್ಲಿ ಕಫ ಕಟ್ಟಿತು, ಉಸಿರಾಡಲು ಕಷ್ಟಪಡತೊಡಗಿದಳು.

ಒಂದು ಬೆಳಗ್ಗೆ, ಸೂರ್ಯ ಇನ್ನೇನು ಮೂಡಬೇಕು, ನನ್ನನ್ನು ಕರೆದಳು.

"ಅಳಿಯ, ನನ್ನ ಹೊಳೆಗೆ ಕರ್ಕೊಂಡು ಹೋಗು."

"ಈ ಚಳೀಲಾ ಅತ್ತೆ? ಬಿಸಿಲು ಬರ್ಲಿ."

"ಇನ್ನೂ ಬುದ್ಧಿ ಬಂದಿಲ್ಲ ನಿಂಗೆ" ಎಂದು ನಕ್ಕಳು.

ಹೊತ್ತುಕೊಂಡು ಹೋದೆ. ಆ ಗಟ್ಟಿಮುಟ್ಟಾದ ಹೆಂಗಸು ಒಂದು ಮಗುವಿನಷ್ಟು ಹಗುರವಾಗಿದ್ದಳು. ತಯಾನಿ ಹಿಂದೆ ಬಂದಳು. ದಡದ ಗಡ್ಡೆಯನ್ನು ಕಲ್ಲಿನಿಂದ ಕುಟ್ಟಿ ಒಡೆದೆ, ಕಪ್ಪು ನೀರು ಕಂಡಿತು. ಮುಳುಗು ಹಾಕುವ ಸ್ಥಿತಿ ಇರಲಿಲ್ಲ. ಅವಳನ್ನು ಮೂಡಲಿಗೆ ಮುಖ ಮಾಡಿ ಕೂರಿಸಿದೆವು. ಅವಳು ಶಾಲಿನೊಳಗೆ, ಎದೆಯ ಹತ್ತಿರ ಕೈ ಹಾಕಿ ಏನನ್ನೋ ಹೊರತೆಗೆದಳು. ಅದರಿಂದ ನೀರು ಮೊಗೆದು ತಲೆಯ ಮೇಲೆ ಸುರಿದುಕೊಂಡಳು.

ಕಾಡುಕೋಣದ ಕೊಂಬಿನ ಸೌಟು.

ಅವತ್ತು ಸಿಪಾಯಿಯ ಕೈಜಾರಿ ಬಿದ್ದದ್ದನ್ನು ಶಾಲು ಎತ್ತಿಕೊಳ್ಳುವ ನೆಪದಲ್ಲಿ ಎತ್ತಿಕೊಂಡಿದ್ದಳು. ಬೇಸಿಗೆಯೆಲ್ಲ, ದಾರಿಯೆಲ್ಲ ತನ್ನ ಎದೆಗೇ ಕಟ್ಟಿಕೊಂಡಿದ್ದಳು. ಅವಳು ನೀರು ತೊಟ್ಟಿಕ್ಕುವ ಮುಖದಲ್ಲಿ ನನ್ನನ್ನು ನೋಡಿದಳು.

"ಅಲ್ಲಪ್ಪಾ, ಅಲ್ಲಿ ಕುಡಿದೆ ಅಂದ್ಯಲ್ಲ. ಯಾವ ಸೌಟಲ್ಲಿ ಕುಡಿದೆ?"

"ಎಲ್ಲಾ ಗೊತ್ತಿದ್ದೂ ಯಾಕಮ್ಮ ನಂಬಿದ ಹಂಗೆ ಮಾಡಿದೆ?" ಎಂದು ತಯಾನಿ ಅತ್ತಳು.

"ಪಾಪ, ಅಷ್ಟು ದೂರ ಹೋಗಿ ನನಗೋಸ್ಕರ ಒಂದು ಸುಳ್ಳು ಹೊತ್ಕೊಂಡು ಬಂದಿದ್ದ. ಬೇಡ ಅನ್ನಕ್ಕಾಗತ್ತಾ?" ಎಂದಳು. ಕೆಮ್ಮಿದಳು. ಸೌಟನ್ನು ಮಗಳ ಕೈಗಿಟ್ಟಳು. "ಅಲ್ಲಿ ಹೋಗಿ ಮನೆ ಕಟ್ಟಿದ ದಿನವೇ ಮಡಕೆ ಇಡು. ಹುಳಿ ಬರ್ದಿದ್ರೂ ಪರ್ವಾಗಿಲ್ಲ, ಇಡು."

ನನಗೆ ಸಿಟ್ಟು ನೆತ್ತಿಗೇರಿತು. "ಯಾರಿಗೆ ಅತ್ತೆ? ಇಷ್ಟೆಲ್ಲ ಆದ್ಮೇಲೂ ಯಾರಿಗೆ ಇಡ್ಬೇಕು?"

"ಬರೋರಿಗೆ."

"ಬಂದೋರು ಏನು ಮಾಡಿದ್ರು ನೋಡಿದ್ರಲ್ಲ! ನಿಮ್ಮ ಮೊಮ್ಮಗಳಿಗೆ ಒಂದು ಗುಟುಕು ಉಳಿಸಿದ್ರಾ?"

ಐನಿಯ ಮಾತು ಎತ್ತಬಾರದಿತ್ತು. ಅವಳ ಮುಖ ಮುದುಡಿತು. ಅಷ್ಟು ತಿಂಗಳು ತಡೆದದ್ದು ಅಲ್ಲಿ ಒಡೆಯಿತು. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ನಾವು ಮೂವರೂ ಆ ಹಿಮದಲ್ಲಿ ಕೂತು ಅತ್ತೆವು. ಬಹಳ ಹೊತ್ತಾದ ಮೇಲೆ ಅವಳು ಹೇಳಿದ್ದು ಇಷ್ಟು.

"ಅವನು ಉಂಡು ಮರೆತ. ಅದು ಅವನ ಹೊಟ್ಟೆ ಮಾಡಿದ ತಪ್ಪು. ನನ್ನ ಸೌಟು ಏನು ಮಾಡ್ತು? ನೆಲ ತಗೊಂಡ್ರು, ಮನೆ ತಗೊಂಡ್ರು, ಕೂಸನ್ನೂ ತಗೊಂಡ್ರು. ಇದನ್ನ ಮಾತ್ರ ನಾನಾಗೇ ಕೊಟ್ಟುಬಿಡ್ಲಾ?"

ಎರಡು ದಿನಕ್ಕೆ ತೀರಿಕೊಂಡಳು. ನೆಲ ಕಲ್ಲಾಗಿತ್ತು, ಗುದ್ದಲಿ ಇಳಿಯಲಿಲ್ಲ. ಮೇಲೆ ಕಲ್ಲು ಪೇರಿಸಿದೆವು. ಗಾಡಿ ಹೊರಡಿಸಿದರು. ಆ ಕಲ್ಲುಗುಡ್ಡೆ ಎಲ್ಲಿದೆ ಎಂದು ಈಗ ಕೇಳಿದರೆ ನಾನು ತೋರಿಸಲಾರೆ.

ಈ ಪಡುವಲ ನಾಡಿಗೆ ಬಂದ ತಯಾನಿ, ಗುಡಿಸಲಿಗೆ ಸೂರು ಹೊದಿಸುವ ಮೊದಲೇ ಬಾಗಿಲ ಜಾಗದಲ್ಲಿ ಮಡಕೆ ಇಟ್ಟಳು. ಒಳ್ಳೆಯ ಹುಳಿ ಬರಲು ಒಂದು ಬೇಸಿಗೆ ಹಿಡಿಯಿತು. ನಮಗೆ ಮತ್ತೆ ಹೆಣ್ಣುಮಕ್ಕಳಾದರು, ಅವರಿಗೆ ಹೆಣ್ಣುಮಕ್ಕಳಾದರು. ತಯಾನಿಯೂ ಹೋದಳು. ಈಗ ಮನೆ ಮೊಮ್ಮಗಳು ವಾಲಿಯದು, ಸೌಟೂ ಅವಳದೇ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಬಂದವರಿಗೆ ತಲೆಯಾಡಿಸುವುದು ನನ್ನ ಕೆಲಸ. ಮನೆಯಳಿಯನಾಗಿ ಬಂದವನು ಮನೆಯ ಮುದುಕನಾಗಿ ಉಳಿದಿದ್ದೇನೆ.

ಕಳೆದ ವಾರ ಮೂವರು ಬಂದರು. ಬಿಳಿಯರು. ಕೈಯಲ್ಲಿ ಕಬ್ಬಿಣದ ಸರಪಳಿ. ಎಲ್ಲರದಾಗಿರುವ ಈ ನೆಲವನ್ನೂ ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಬರೆಯುತ್ತಾರಂತೆ. ಮಿಕ್ಕಿದ್ದು ಯಾರಿಗೆ ಎಂದು ಕೇಳಿದರೆ ಸರಿಯಾಗಿ ಉತ್ತರ ಹೇಳುವುದಿಲ್ಲ. ಅವರು ವಾಲಿಯ ಜೋಳದ ಸಾಲುಗಳ ಮೇಲೆ ಸರಪಳಿ ಎಳೆಯುವುದನ್ನು ನೋಡುತ್ತ ಬೆಂಚಿನಲ್ಲೇ ಕೂತಿದ್ದೆ. ಅವರು ಮನೆಯ ಕಡೆ ತಿರುಗಿದ್ದೇ ತಡ, ನಾನು ಮಡಕೆಯಿಂದ ಸೌಟು ತೆಗೆದು ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದುಕೊಂಡೆ. ಅಂಬಲಿ ಹೊಟ್ಟೆಯ ಮೇಲೆಲ್ಲ ಇಳಿಯಿತು.

ವಾಲಿ ಬಾಗಿಲಿಗೆ ಬಂದಳು. ಮಡಕೆ ನೋಡಿದಳು, ನನ್ನ ಒದ್ದೆ ಅಂಗಿ ನೋಡಿದಳು.

"ತಾತ, ಸೌಟು ಕೊಡಿ."

"ಕೊಡಲ್ಲ. ಇವರು ಯಾರು ಅಂತ ಗೊತ್ತಾ ನಿನಗೆ?"

"ಗೊತ್ತು ತಾತ. ಕೊಡಿ. ಮನೆಗೆ ಜನ ಬಂದಿದಾರೆ."

ಮನೆ ಅವಳದು. ನನ್ನ ಕಂಬಳಿ ಇನ್ನೂ ಬಾಗಿಲ ಒಳಗಿದೆ. ಕೊಟ್ಟೆ.

ಅವಳು ಸೌಟು ತುಂಬಿ ಮುಂದೆ ನಿಂತಿದ್ದವನಿಗೆ ಚಾಚಿದಳು. ಅವನು ಟೋಪಿ ತೆಗೆದ, ಮೂಸಿದ, ಮುಖ ಕಿವುಚಿದ, ಪೂರ್ತಿ ಕುಡಿದ. ಗಡ್ಡ ಒರೆಸಿಕೊಂಡು ಏನೋ ಹೇಳಿದ.

"ಏನಂದ ತಾತ?" ಎಂದು ವಾಲಿ ಕೇಳಿದಳು.

"ಚೆನ್ನಾಗಿದೆ ಅಂದ" ಎಂದೆ.